ಗೃಹಾಧಾರಿತ ಶಿಕ್ಷಣ: ವಿಶೇಷ ಅಗತ್ಯವುಳ್ಳ ಮಕ್ಕಳ ಹಕ್ಕು

ಸಂವಿಧಾನದ 86ನೇ ತಿದ್ದುಪಡಿ (2002) ತಂದ 21ಎ ವಿಧಿಯಿಂದ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಮೂಲಭೂತ ಹಕ್ಕಾಯಿತು. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು. ಇಷ್ಟು ಎಲ್ಲರೂ ಓದಿರುತ್ತಾರೆ. ಕಣ್ತಪ್ಪುವುದು 2012ರ ತಿದ್ದುಪಡಿ. ಬಹುವಿಧ ಅಥವಾ ತೀವ್ರ ಅಂಗವೈಕಲ್ಯವಿರುವ ಮಗು ಮನೆಯಲ್ಲೇ ಕಲಿಯುವ ಆಯ್ಕೆ ಮಾಡಿಕೊಳ್ಳಬಹುದು ಎಂಬ ಹಕ್ಕು ಕಾಯ್ದೆಯ 3ನೇ ಸೆಕ್ಷನ್‌ಗೆ ಸೇರಿದ್ದು ಆಗ.

ಆಯ್ಕೆ ಮಗುವಿನ ಕಡೆಯದು, ಶಾಲೆಯದಲ್ಲ. ‘ಈ ಮಗುವಿಗೆ ಮನೆಯೇ ಸರಿ’ ಎಂದು ಹೇಳಿ ಪ್ರವೇಶ ನಿರಾಕರಿಸಲು ಈ ಅವಕಾಶವನ್ನು ಬಳಸುವುದು ಅನ್ಯಾಯ, ಕಾನೂನುಬಾಹಿರ ಕೂಡ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 16ನೇ ಸೆಕ್ಷನ್ ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕೆನ್ನುತ್ತದೆ. ಅದೇ ಕಾಯ್ದೆಯ 31ನೇ ಸೆಕ್ಷನ್ ವಯೋಮಿತಿಯನ್ನು ಹಿಗ್ಗಿಸಿ, 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಾಗಲಿ, ಮಗುವಿಗೆ ಬೇಕಾದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಕೊಡುತ್ತದೆ.

ಶೇಕಡಾವಾರು ಅಂಕಿಗಳನ್ನು ಬೆರೆಸಬೇಡಿ. 31ನೇ ಸೆಕ್ಷನ್‌ನ ಸೌಲಭ್ಯಕ್ಕೆ ಶೇ 40ರಷ್ಟು ಅಂಗವೈಕಲ್ಯ ಸಾಕು. ಗೃಹಾಧಾರಿತ ಶಿಕ್ಷಣದ ‘ತೀವ್ರ’ ಎಂಬ ಮಾನದಂಡ ರಾಷ್ಟ್ರೀಯ ನ್ಯಾಸ ಕಾಯ್ದೆ 1999ರದು: ಶೇ 80 ಅಥವಾ ಹೆಚ್ಚು.

ರಾಷ್ಟ್ರೀಯ ಶಿಕ್ಷಣ ನೀತಿ 2020 ಕೂಡ ಈ ಆಯ್ಕೆಯನ್ನು ಉಳಿಸಿಕೊಂಡಿದೆ. ಕರ್ನಾಟಕದಲ್ಲಿ ಸಮಗ್ರ ಶಿಕ್ಷಣ ಯೋಜನೆಯಡಿ ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು ಮಕ್ಕಳ ಮನೆಗೇ ಹೋಗಿ ಕಲಿಸುತ್ತಾರೆ. ಊಟ, ಉಡುಪಿನಂಥ ದಿನನಿತ್ಯದ ಕೌಶಲಗಳೂ ಆ ಪಾಠದ ಭಾಗ, ಪೋಷಕರಿಗೂ ತರಬೇತಿ ಸಿಗುತ್ತದೆ.