ಚಿತ್ರಗಾರನ ಕೂಲಿಯೂ ಹಕ್ಕೂ

ಚಿತ್ರ ಬರೆಯುವುದರಲ್ಲಿ ಅಭಿರುಚಿಯುಳ್ಳ ವಿದ್ಯಾರ್ಥಿಯನ್ನು ಮನೆಯ ಹಿರಿಯರು ಮೊದಲು ಕೇಳುವ ಪ್ರಶ್ನೆ, ಇದರಿಂದ ಹೊಟ್ಟೆ ತುಂಬುವುದೇ ಎಂಬುದು. ಪ್ರಶ್ನೆ ನ್ಯಾಯವಾದುದೇ. ಚಿತ್ರಕಥೆಗಳನ್ನೂ ಅನಿಮೇಷನ್ ಚಿತ್ರಗಳನ್ನೂ ರಚಿಸಿ ಜೀವಿಸುವವರು ಇಂದು ಅನೇಕರಿರುವರು. ಅವರ ಸಂಪಾದನೆಯ ಬಗೆ ಎಂತಹುದೆಂದು ಸ್ವಲ್ಪ ವಿಚಾರಿಸೋಣ.

ವೆಳ್ಳಕೋಯಿಲಿನ ಮಕ್ಕಳು ಇದನ್ನರಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ಕಡೆಯ ವಿದ್ಯುತ್ ಮಗ್ಗಗಳಲ್ಲಿ ಬಹಳಷ್ಟು ಕೂಲಿಗೆ ನೇಯುವಂಥವು. ನೂಲು ವ್ಯಾಪಾರಿಯದು, ನೇಯ್ಗೆ ಮಗ್ಗದವನದು; ಬಟ್ಟೆ ಯಾವ ಬೆಲೆಗೆ ಮಾರಿದರೂ ನೇಯ್ದವನಿಗೆ ಗೊತ್ತುಮಾಡಿದ ಕೂಲಿ ಮಾತ್ರ. ಆ ಕೂಲಿಯನ್ನು ಹೆಚ್ಚಿಸಬೇಕೆಂದೇ 2022ರ ಜನವರಿಯಲ್ಲಿ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಮಗ್ಗಗಳು ನಿಂತುವು. ಚಿತ್ರಗಾರನೂ ಬಹುಮಟ್ಟಿಗೆ ಇಂಥ ಕೂಲಿಯವನೇ. ಅವನಿಗೆ ಮೀಟರಿನ ಬದಲು ಪುಟದ ಲೆಕ್ಕ.

ಅಮೆರಿಕದ ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬ ತರುಣರಿಬ್ಬರ ಕಥೆ ಇದಕ್ಕೆ ನಿದರ್ಶನ. 1938ರಲ್ಲಿ ಅವರು ಸೂಪರ್‌ಮ್ಯಾನ್ ಕಥೆಯ 13 ಪುಟಗಳನ್ನು ಪುಟಕ್ಕೆ 10 ಡಾಲರಿನಂತೆ 130 ಡಾಲರಿಗೆ ಕೊಟ್ಟರು. ಅದರೊಡನೆ ಆ ಪಾತ್ರದ ಹಕ್ಕನ್ನೂ ಬರೆದುಕೊಟ್ಟರು. ಪಾತ್ರವು ಪ್ರಪಂಚದಲ್ಲೆಲ್ಲ ಹೆಸರಾಯಿತು, ಕೋಟಿಗಳನ್ನು ತಂದಿತು. ಅದನ್ನು ಸೃಷ್ಟಿಸಿದವರು ವ್ಯಾಜ್ಯದಲ್ಲಿ ಬಳಲಿದರು. ಕೊನೆಗೆ 1975ರಲ್ಲಿ, ಮುಪ್ಪಿನ ಹೊಸ್ತಿಲಲ್ಲಿ, ತಲೆಗೆ ವರ್ಷಕ್ಕೆ 20,000 ಡಾಲರುಗಳ ವರ್ಷಾಶನ ದೊರೆಯಿತು. ಆ 130 ಡಾಲರೂ ಸೇರಿ ಬಂದಿದ್ದ ಹಳೆಯ ಚೆಕ್ಕು 2012ರ ಹರಾಜಿನಲ್ಲಿ 1,60,000 ಡಾಲರಿಗೆ ಹೋಯಿತು! ಇದಕ್ಕೆ ನಗಬೇಕೋ ಅಳಬೇಕೋ ತಿಳಿಯದು.

ಭಾರತದ ಚಿತ್ರಕಥೆಗಳಲ್ಲಿ ಕನ್ನಡಕ್ಕೂ ಮೊದಲ ಪಾಲುಂಟು. ಅಮರ ಚಿತ್ರ ಕಥಾ ಮಾಲೆಯ ಆರಂಭದ 10 ಪುಸ್ತಕಗಳು ಕನ್ನಡದಲ್ಲಿಯೇ ಹೊರಟವು. ಅವು ಹೊರನಾಡಿನ ಕಥೆಗಳು. ಹನ್ನೊಂದನೆಯದಾದ ಕೃಷ್ಣನ ಕಥೆಯಿಂದ ನಮ್ಮ ಪುರಾಣಗಳು ಬಂದುವು. ಮಾಲೆಯನ್ನು ಬೆಳೆಸಿದ ಸಂಪಾದಕ ಅನಂತ ಪೈಯವರು ಹುಟ್ಟಿದ್ದು ಕಾರ್ಕಳದಲ್ಲಿ. ಆದರೆ ಮಾಲೆಯ ಒಡೆತನ ಪ್ರಕಾಶಕರದು. 2007ರಲ್ಲಿ ಅದು ಕೈ ಬದಲಾಯಿಸಿದಾಗ ಕೊಟ್ಟವರೂ ಅವರೇ.

ಇನ್ನು ಅನಿಮೇಷನ್. ಇದರಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ಕಣ್ಮುಂದೆ ಸರಿಯುವುವು. ಒಂದು ಚಿತ್ರವನ್ನು ಎರಡೆರಡು ಸಲ ತೋರಿಸಿದರೂ 10 ನಿಮಿಷದ ಕಥೆಗೆ 7,200 ಚಿತ್ರಗಳು ಬೇಕು. ಜಪಾನಿನಲ್ಲಿ ನಡುವಣ ಚಿತ್ರಗಳನ್ನು ಬರೆಯುವವರಿಗೆ ಚಿತ್ರವೊಂದಕ್ಕೆ ಸುಮಾರು 200 ಯೆನ್ ಕೊಡುತ್ತಿದ್ದರು. 2013ರ ಲೆಕ್ಕದಲ್ಲಿ ಅವರ ಸರಾಸರಿ ವಾರ್ಷಿಕ ಆದಾಯ 11 ಲಕ್ಷ ಯೆನ್, ನಿರ್ದೇಶಕರದು ಸುಮಾರು 65 ಲಕ್ಷ. ಕೆಲಸದ ಮನೆ ಒಂದೇ, ಆದಾಯ ಆರು ಪಾಲು. ಅಮೆರಿಕದಲ್ಲಿ ಈ ವೃತ್ತಿಯ ಸಂಬಳದಾರರಿಗೆ 2023ರಲ್ಲಿ ಸಿಗುತ್ತಿದ್ದ ಮಧ್ಯಮ ವೇತನ ವರ್ಷಕ್ಕೆ ಸುಮಾರು 99,000 ಡಾಲರು.

ನಮ್ಮ ದೇಶದ 1957ರ ಕೃತಿಸ್ವಾಮ್ಯ ಶಾಸನವನ್ನು ಚಿತ್ರಗಾರನಾಗಬಯಸುವವನು ಒಮ್ಮೆಯಾದರೂ ನೋಡಿರಬೇಕು. ಸಂಬಳಕ್ಕಿದ್ದು ಕೆಲಸದ ಅಂಗವಾಗಿ ಬರೆದ ಚಿತ್ರದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ಯಜಮಾನನದು. ಸ್ವತಂತ್ರವಾಗಿ ಬರೆದುದು ಬರೆದವನದೇ. ಅವನ ಜೀವಮಾನವೆಲ್ಲ, ಮರಣಾನಂತರ 60 ವರ್ಷ ವಾರಸುದಾರರಿಗೆ. ಅದನ್ನು ವಹಿಸಿಕೊಡುವುದಾದರೆ ಬರಹದಲ್ಲಿ ಸಹಿ ಹಾಕಿ ಕೊಡಬೇಕು, ಬಾಯಿಮಾತು ಸಲ್ಲದು. ಪತ್ರದಲ್ಲಿ ಅವಧಿಯನ್ನು ಕಾಣಿಸಿರದಿದ್ದರೆ ಐದೇ ವರ್ಷ. ಪ್ರದೇಶವನ್ನು ಕಾಣಿಸಿರದಿದ್ದರೆ ಭಾರತದ ಮಟ್ಟಿಗೆ ಮಾತ್ರ.