ನೀಲಿ ಬೆಳಕಿನಲ್ಲಿ ಕೆಂಪು ಹೊಳಪು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಬಿಸಿಲು ಕಠಿಣವಾದುದು. ಹೊಲದಲ್ಲಿ ದುಡಿದವನ ಮೂತ್ರ ಕೆಂಪಗಾದರೆ ‘ಉಷ್ಣವಾಗಿದೆ’ ಎಂದು ಮಜ್ಜಿಗೆ ಕುಡಿದು ಸುಮ್ಮನಾಗುವುದುಂಟು. ನೋವಿಲ್ಲದೆ ರಕ್ತ ಬಂದು ತಾನಾಗಿ ನಿಂತುಹೋದರಂತೂ ಅದನ್ನು ಮರೆತೇಬಿಡುವರು. ಆದರೆ ಮೂತ್ರಕೋಶದ ಕ್ಯಾನ್ಸರ್ ಬಹುಮಟ್ಟಿಗೆ ಹೀಗೆಯೇ ತನ್ನ ಇರವನ್ನು ತಿಳಿಸುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಿ ಈ ರೋಗ ಹೆಚ್ಚು. ಹೊಗೆಯ ವಿಷ ರಕ್ತಕ್ಕೆ ಸೇರಿ, ಮೂತ್ರದೊಡನೆ ಸೋಸಿ ಬಂದು ಆ ಕೋಶದಲ್ಲಿಯೇ ತಂಗುತ್ತದೆ.

ಇಂಥ ರೋಗಿ ಬಂದಾಗ ವೈದ್ಯರು ಸಿಸ್ಟೋಸ್ಕೋಪ್ ಎಂಬ ನಳಿಕೆಯನ್ನು ಮೂತ್ರದ್ವಾರದ ಮೂಲಕ ಸೇರಿಸಿ ಮೂತ್ರಕೋಶದ ಒಳಗೋಡೆಯನ್ನು ನೋಡುವರು. ಬಿಳಿಯ ಬೆಳಕಿನಲ್ಲಿ ಉಬ್ಬಿದ ಗಡ್ಡೆ ಎದ್ದು ಕಾಣುವುದು. ಚಪ್ಪಟೆಯಾಗಿ ಹರಡಿದ ರೋಗವಾದರೋ ಕಣ್ಣಿಗೆ ತಪ್ಪಿಹೋಗಬಹುದು. ಅಪಾಯ ಹೆಚ್ಚಿರುವುದು ಇದರಲ್ಲಿಯೇ.

ಕೆಲವು ವಸ್ತುಗಳು ಒಂದು ಬಣ್ಣದ ಬೆಳಕನ್ನು ಹೀರಿ ಬೇರೊಂದು ಬಣ್ಣದ ಬೆಳಕನ್ನು ಹೊರಸೂಸುತ್ತವೆ. ಇದೇ ಪ್ರತಿದೀಪ್ತಿ. ಪರೀಕ್ಷೆಗೆ ಸುಮಾರು 1 ಗಂಟೆ ಮುಂಚೆ ಹೆಕ್ಸಾಮಿನೋಲೆವುಲಿನೇಟ್ ಎಂಬ ಔಷಧದ ದ್ರಾವಣವನ್ನು ಮೂತ್ರಕೋಶಕ್ಕೆ ತುಂಬುತ್ತಾರೆ. ಆಗ ರೋಗಗ್ರಸ್ತ ಜೀವಕೋಶಗಳಲ್ಲಿ ಪ್ರೋಟೋಪಾರ್ಫಿರಿನ್ ಎಂಬ ವಸ್ತು ಹೆಚ್ಚಾಗಿ ಶೇಖರವಾಗುವುದು. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ತಯಾರಾಗುವುದೂ ಇದೇ ವಸ್ತುವಿನಿಂದ ಎಂಬುದು ಸ್ವಾರಸ್ಯಕರ. ನೀಲಿ ಬೆಳಕು ಬಿದ್ದೊಡನೆ ರೋಗದ ತಾಣ ಕೆಂಪಾಗಿ ಹೊಳೆಯುವುದು. ಉರಿಯೂತವಾದ ಜಾಗವೂ ಹೀಗೆಯೇ ಹೊಳೆದು ಮೋಸಗೊಳಿಸಬಹುದು. ಆದ್ದರಿಂದ ಅಲ್ಲಿಂದ ಒಂದು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ರೋಗವನ್ನು ನಿರ್ಧರಿಸುವರು.