ಕುಟುಂಬದ ಛಾಯಾಚಿತ್ರ ಮತ್ತು ಟೆಲಿಫೋಟೋ ಝೂಮ್ ಮಸೂರ

2011ರಲ್ಲಿ ನಮ್ಮ ತಾಯಿಯವರಿಗೆ ಎಂಬತ್ತು ತುಂಬಿದಾಗ ಮನೆಮಂದಿಯೆಲ್ಲ ಊರಿನಲ್ಲಿ ಕೂಡಿದ್ದೆವು. ಮಿತ್ರರೊಬ್ಬರಿಂದ ಕೇಳಿ ತಂದ ಝೂಮ್ ಮಸೂರವನ್ನು ನನ್ನ ಡಿಜಿಟಲ್ ಕ್ಯಾಮೆರಕ್ಕೆ ಜೋಡಿಸಿದೆನು. ಸಂಜೆ ಬೇವಿನ ಮರದ ಕೆಳಗೆ ತಾಯಿಯವರನ್ನು ಕುಳ್ಳಿರಿಸಿ, ಇಕ್ಕೆಲಗಳಲ್ಲಿ ಮೊಮ್ಮಕ್ಕಳನ್ನೂ ಹಿಂದೆ ಅಣ್ಣನವರನ್ನೂ ನಿಲ್ಲಿಸಿ, ಹತ್ತು ಮೀಟರ್ ದೂರದಿಂದ ಐದಾರು ಚಿತ್ರಗಳನ್ನು ತೆಗೆದೆನು. ಕ್ಯಾಮೆರದ ಪುಟ್ಟ ತೆರೆಯಲ್ಲಿ ಎಲ್ಲವೂ ಸೊಗಸಾಗಿ ಕಂಡವು. ಮರಳಿ ಬಂದು ದೊಡ್ಡ ಪ್ರತಿ ಮಾಡಿಸಿದಾಗ ನಿಜಸ್ಥಿತಿ ತಿಳಿಯಿತು. ತಾಯಿಯವರ ಮುಖ ಒಂದರಲ್ಲಿಯೂ ಸ್ಫುಟವಾಗಿರಲಿಲ್ಲ. ಮರುವರ್ಷ ಅವರು ಲಿಂಗೈಕ್ಯರಾದರು. ಹಲವು ವರ್ಷ ತರಗತಿಯಲ್ಲಿ ದ್ಯುತಿವಿಜ್ಞಾನವನ್ನು ಬೋಧಿಸಿದವನೇ ಮಾಡಿದ ತಪ್ಪು ಇದು. ಆ ಚಿತ್ರಗಳನ್ನು ಮುಂದಿಟ್ಟುಕೊಂಡೇ ಈ ಪಾಠವನ್ನು ಬರೆಯುತ್ತಿದ್ದೇನೆ.

ಇಂಥ ಮಸೂರವೇ ಏಕೆ ಬೇಕು ಎಂದು ಕೆಲವರು ಕೇಳಬಹುದು. ಹಿಂದಿನ ಸಾಲು ಮುಂದಿನದಕ್ಕಿಂತ ಒಂದೂವರೆ ಮೀಟರ್ ಹಿಂದಿದೆ ಎಂದಿಟ್ಟುಕೊಳ್ಳೋಣ. ನಾಲ್ಕು ಮೀಟರ್ ದೂರದಿಂದ ನೋಡಿದರೆ ಮುಂದಿನವರ ತಲೆ ಹಿಂದಿನವರದಕ್ಕಿಂತ ಹೆಚ್ಚುಕಡಿಮೆ 1.4 ಪಟ್ಟು ದೊಡ್ಡದಾಗಿ ಕಾಣುತ್ತದೆ. ಹತ್ತು ಮೀಟರಿನಿಂದ ಕೇವಲ 1.15 ಪಟ್ಟು. ಈ ಸಮತೆಯನ್ನು ತರುವುದು ವಾಸ್ತವವಾಗಿ ಮಸೂರವಲ್ಲ, ದೂರ. ಅಷ್ಟು ದೂರ ಸರಿದ ಮೇಲೂ ಚೌಕಟ್ಟು ತುಂಬುವಂತೆ ಮಾಡುವುದಷ್ಟೇ ಮಸೂರದ ಕೆಲಸ.

ಆದರೆ ಅದು ಮುಖವನ್ನು ಹಿಗ್ಗಿಸುವಂತೆ ಕೈಯ ನಡುಕವನ್ನೂ ಹಿಗ್ಗಿಸುತ್ತದೆ. ಕೈಯಲ್ಲಿ ಹಿಡಿದು ತೆಗೆಯುವಾಗ ಷಟರ್ ತೆರೆದಿರುವ ಅವಧಿ ನಾಭಿದೂರದ ವಿಲೋಮಕ್ಕಿಂತ ಹೆಚ್ಚಿರಬಾರದೆಂಬುದು ಹಳೆಯ ನಿಯಮ: 200 ಮಿ.ಮೀ.ಗೆ ಸೆಕೆಂಡಿನ 1/200. ನನ್ನ ಕ್ಯಾಮೆರದಲ್ಲಿದ್ದಂತೆ ಸಂವೇದಕವು ಚಿಕ್ಕದಾಗಿದ್ದರೆ 1.5ರಿಂದ ಗುಣಿಸಿ 1/300 ಎಂದು ಎಣಿಸಬೇಕು. ನಾನು ಅಂದು ಬಳಸಿದ್ದು 1/60! ಈಗಿನ ಅನೇಕ ಮಸೂರಗಳಲ್ಲಿ ನಡುಕವನ್ನು ತಡೆಯುವ ವ್ಯವಸ್ಥೆಯಿದೆ, ನಿಜ. ಅದು ಹಿಡಿದವನ ಕೈಯನ್ನು ಸ್ಥಿರಗೊಳಿಸೀತೇ ಹೊರತು ತೊಡೆಯ ಮೇಲಿನ ಮಗುವನ್ನಲ್ಲ. ಮಕ್ಕಳಿರುವ ಮನೆಯ ಚಿತ್ರಕ್ಕೆ 1/500 ಇರಲಿ.

ಎರಡನೆಯ ತಪ್ಪು ಇನ್ನೂ ಸೂಕ್ಷ್ಮವಾದುದು. ನಡುಕದಿಂದ ಪಾರಾದ ಒಂದು ಚಿತ್ರದಲ್ಲಿ ಅಣ್ಣನವರ ಮೀಸೆಯ ಎಳೆ ಎಳೆಯೂ ಕಾಣುತ್ತದೆ. ಫೋಕಸ್ ಬಿಂದು ಚೌಕಟ್ಟಿನ ನಡುವಿನಲ್ಲಿ ನಿಂತಿದ್ದ ಅವರ ಮೇಲೆ ಬಿದ್ದಿತ್ತು. ಹತ್ತು ಮೀಟರ್ ದೂರ, 200 ಮಿ.ಮೀ., ದ್ಯುತಿರಂಧ್ರ ಎಫ್ 5.6, ಇಷ್ಟಿದ್ದಾಗ ನನ್ನ ಕ್ಯಾಮೆರದಲ್ಲಿ ಸ್ಫುಟತೆಯ ಆಳ ಸುಮಾರು 55 ಸೆಂ.ಮೀ. ಮಾತ್ರ. ಅದರಲ್ಲಿ ಮೂರನೆಯ ಒಂದು ಪಾಲು ಮುಂದಕ್ಕೆ, ಎರಡು ಪಾಲು ಹಿಂದಕ್ಕೆ ಎಂದು ಹಲವರು ಹೇಳುವುದುಂಟು. ಈ ದೂರದಲ್ಲಿ ಅದು ಸಲ್ಲದು, ಹೆಚ್ಚುಕಡಿಮೆ ಸಮಪಾಲೇ. ಅಣ್ಣನವರಿಗಿಂತ ಅರ್ಧ ಮೀಟರ್ ಮುಂದೆ ಕುಳಿತಿದ್ದ ತಾಯಿಯವರು ಆ ವಲಯದಿಂದ ಹೊರಗುಳಿದರು. ಬಿಂದುವನ್ನು ತಾಯಿಯವರ ಕಣ್ಣಿನ ಮೇಲೆಯೇ ಇರಿಸಿ, ದ್ಯುತಿರಂಧ್ರವನ್ನು ಎಫ್ 8ಕ್ಕೆ ಕಿರಿದಾಗಿಸಿ, ಅಣ್ಣನವರನ್ನು ಒಂದು ಗೇಣು ಮುಂದೆ ಕರೆದು ಕುರ್ಚಿಗೆ ಒರಗಿ ನಿಲ್ಲಿಸಿದ್ದರೆ ಇಬ್ಬರೂ ಸ್ಫುಟವಾಗಿ ಮೂಡುತ್ತಿದ್ದರು. ಕಣ್ಣನ್ನು ತಾನೇ ಗುರುತಿಸುವ ಇಂದಿನ ಕ್ಯಾಮೆರಗಳೂ ಗುಂಪಿನಲ್ಲಿ ಯಾರ ಕಣ್ಣನ್ನು ಹಿಡಿದಿವೆಯೆಂಬುದನ್ನು ನಾವೇ ನೋಡಬೇಕು.

ಷಟರ್ 1/60ರಿಂದ 1/500ಕ್ಕೂ, ರಂಧ್ರ 5.6ರಿಂದ 8ಕ್ಕೂ ಹೋದರೆ ಬೆಳಕು ಸುಮಾರು ಹದಿನಾರರಲ್ಲೊಂದು ಪಾಲಿಗೆ ಇಳಿಯುತ್ತದೆ. ಸಂವೇದನಾಂಕವನ್ನು 200ರಿಂದ 3200ಕ್ಕೆ ಏರಿಸಬೇಕಾಗುತ್ತದೆ. ಚಿತ್ರದಲ್ಲಿ ಕಾಳುಕಾಳು ಕಾಣುತ್ತದೆ, ಕಾಣಲಿ. ಕಾಳು ಕಂಡರೂ ಮುಖದ ಗುರುತು ಉಳಿಯುತ್ತದೆ, ನಡುಗಿದ ಚಿತ್ರದಲ್ಲಿ ಅದೂ ಇಲ್ಲ. ಇನ್ನೂ ಉತ್ತಮವೆಂದರೆ ಹೊತ್ತು ಇಳಿಯುವ ಮುನ್ನವೇ ತೆರೆದ ನೆರಳಿನಲ್ಲಿ ಕೆಲಸ ಮುಗಿಸುವುದು. ನಡುಮಧ್ಯಾಹ್ನ ಬೇಡ; ಕಾದ ಅಂಗಳದಿಂದೇಳುವ ಗಾಳಿಯ ಅಲೆಯೂ ದೂರದ ಮುಖವನ್ನು ಕದಡುತ್ತದೆ. ಮುಕ್ಕಾಲಿಯಿದ್ದರೆ ಬಳಸಿರಿ. ಅಗ್ಗದ ಫಿಲ್ಟರ್ ಗಾಜನ್ನು ಬಿಚ್ಚಿಡಿರಿ.

ಕೆಟ್ಟ ಚಿತ್ರವನ್ನು ಎಸೆಯುವ ಮುನ್ನ ಹಿಗ್ಗಿಸಿ ಓದಬೇಕು. ಎಲ್ಲ ಅಂಚುಗಳೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ನಡುಗಿದೆ. ಹಿಂದಿನ ಗೋಡೆಯೋ ಮತ್ತಾರ ಮುಖವೋ ಸ್ಫುಟವಾಗಿದ್ದರೆ ಫೋಕಸ್ ತಪ್ಪಿದೆ. ಒಬ್ಬರ ಕೈ ಮಾತ್ರ ಮಸುಕಾಗಿದ್ದರೆ ಅವರು ಅಲುಗಿದ್ದಾರೆ. ಈ ಓದು ನಡೆಯಬೇಕಾದುದು ಗುಂಪು ಚದುರುವ ಮುನ್ನ, ಅಲ್ಲಿಯೇ. ಕ್ಯಾಮೆರದ ಗುಂಡಿಯನ್ನೊತ್ತಿ ಮುಖವನ್ನು ತೆರೆಯ ತುಂಬ ಹಿಗ್ಗಿಸಲು ಅರ್ಧ ನಿಮಿಷ ಸಾಕು. ಅಂದು ಚಿತ್ರ ತೆಗೆದ ಮೇಲೂ ತಾಯಿಯವರು ಬಹಳ ಹೊತ್ತು ಅದೇ ಕುರ್ಚಿಯಲ್ಲಿ ಮೊಮ್ಮಕ್ಕಳೊಡನೆ ಮಾತನಾಡುತ್ತ ಕುಳಿತಿದ್ದರು.